ಕೊನೆಯ ಸಾಲಿನವನ ಪಿಟೀಲು

ಪಿಟೀಲು ಚೌಡಯ್ಯನವರ ಮಾತು ಬಂದಾಗಲೆಲ್ಲ ನಮ್ಮ ಸಂಗೀತಾಭಿಮಾನಿಗಳು ಒಂದು ಕಥೆ ಹೇಳುತ್ತಾರೆ. ಕಥೆ ಚಿಕ್ಕದು, ಎರಡು ನಿಮಿಷ ಸಾಕು. ಅದು ಮೈಕು ಇಲ್ಲದ ಕಾಲ. ನಾಲ್ಕು ತಂತಿಯ ಪಿಟೀಲಿನ ದನಿ ಹಿಂದೆ ಕುಳಿತವರಿಗೆ ಕೇಳಿಸುತ್ತಿರಲಿಲ್ಲ. ಚೌಡಯ್ಯನವರು ಇನ್ನು ಮೂರು ತಂತಿ ಸೇರಿಸಿ ಏಳು ಮಾಡಿಕೊಂಡರು. ಆಮೇಲೆ ಮೈಕು ಬಂತು, ಏಳು ತಂತಿಯ ಕೆಲಸ ಮುಗಿಯಿತು. ಇಷ್ಟು ಹೇಳಿ ಕಾಫಿಯ ಲೋಟ ಕೆಳಗಿಟ್ಟರೆ ಚೌಡಯ್ಯನವರಿಗೆ ಸಲ್ಲಬೇಕಾದ ಗೌರವ ಸಂದಿತು ಎಂದು ಲೆಕ್ಕ.

ಈ ಕಥೆಯ ಮೊದಲರ್ಧ ನಿಜ. ಎರಡನೆಯ ಅರ್ಧವನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣಗಳಿವೆ, ಅವನ್ನು ಪಟ್ಟಣದ ವಾಚಕರ ಮುಂದೆ ಇಡಬೇಕೆಂದೇ ಈ ನಾಲ್ಕು ಮಾತು.

ನಾನು ಬನ್ನೂರಿನವನು. ಮೈಸೂರಿನಿಂದ ನಮ್ಮೂರಿಗೆ ಸುಮಾರು 25 ಕಿಲೋಮೀಟರು. ತಾಲ್ಲೂಕು ತಿರುಮಕೂಡಲು ನರಸೀಪುರ. ಅಲ್ಲಿ ಕಾವೇರಿಯೂ ಕಪಿಲೆಯೂ ಕೂಡುವ ಕಡೆ, ಅಗಸ್ತ್ಯೇಶ್ವರನ ಗುಡಿಯಿರುವ ತಿರುಮಕೂಡಲಿನಲ್ಲಿ, 1895ರಲ್ಲಿ ಹುಟ್ಟಿದವರು ಚೌಡಯ್ಯ. ಒಕ್ಕಲುತನದ ಮನೆ, ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮ. ಹುಡುಗ 1910ರ ಸುಮಾರಿಗೆ ಮೈಸೂರು ಸೇರಿ ಬಿಡಾರಂ ಕೃಷ್ಣಪ್ಪನವರ ಶಿಷ್ಯನಾದ. ಕೃಷ್ಣಪ್ಪನವರು ಹಾಡುಗಾರರು. ಆದುದರಿಂದ ಶಿಷ್ಯನಿಗೆ ಮೊದಲು ದಕ್ಕಿದ್ದು ಹಾಡು, ಆಮೇಲೆ ಬಿಲ್ಲು. ಕೃತಿಯ ಜೊತೆಗೆ ಕನ್ನಡದ ದೇವರನಾಮವನ್ನೂ ಕಛೇರಿಯಲ್ಲಿ ಮಾನವಾಗಿ ಕೂರಿಸಿದ ಗುರು ಅವರು. ಬೀದಿಯ ಭಜನೆಯವನೂ ಅರಮನೆಯ ವಿದ್ವಾಂಸನೂ ಒಂದೇ ಹಾಡಿಗೆ ತಲೆದೂಗಬಹುದೆಂಬ ಪಾಠ ಆ ಮನೆಯಲ್ಲಿ ಶಿಷ್ಯನಿಗೆ ಪುಕ್ಕಟೆಯಾಗಿ ಸಿಕ್ಕಿರಬೇಕು.

ಈಗ ತಂತಿಯ ವಿಷಯ. ಚೌಡಯ್ಯನವರು 1920ರ ದಶಕದ ಕೊನೆಯ ವೇಳೆಗೆ ಏಳು ತಂತಿಯ ಪಿಟೀಲನ್ನು ರೂಢಿಗೆ ತಂದರು. ನಾಲ್ಕರಲ್ಲಿ ಮೂರು ತಂತಿಗಳಿಗೆ ಒಂದೊಂದು ಜೊತೆ ತಂತಿ. ಜೊತೆಯದು ಒಂದು ಸ್ಥಾಯಿಯ ಅಂತರದಲ್ಲಿ ನುಡಿಯುವಂಥದು. ಒಂದೇ ಬೆರಳು ಎರಡು ತಂತಿಗಳನ್ನು ಒಟ್ಟಿಗೆ ಒತ್ತಬೇಕು, ಒಂದೇ ಬಿಲ್ಲು ಎರಡನ್ನೂ ಒಟ್ಟಿಗೆ ಎಳೆಯಬೇಕು. ವಾಚಕರಲ್ಲಿ ಪಿಟೀಲು ಕಲಿತವರಿದ್ದರೆ ಇದರ ಕಷ್ಟ ಅವರಿಗೆ ಗೊತ್ತು. ಒಂದು ತಂತಿಯ ಮೇಲೆ ಗಮಕ ಎಳೆಯುವಾಗ ಬೆರಳು ಕೂದಲೆಳೆಯಷ್ಟು ಜಾರಿದರೂ ಕಿವಿಗೆ ಕಹಿ. ಇಲ್ಲಿ ಆ ತಪ್ಪು ಎರಡು ಪಾಲಾಗಿ ಕೇಳುತ್ತದೆ. ಶ್ರುತಿ ಸೇರಿಸುವುದಕ್ಕೆ ಹಿಡಿಯುವ ಸಮಯವೂ ಹೆಚ್ಚು. ಸುಖ ಬಯಸುವ ಮನುಷ್ಯ ಕೈಗೆತ್ತಿಕೊಳ್ಳುವ ವಾದ್ಯವಲ್ಲ ಅದು.

ಹಾಗಾದರೆ ಈ ಕಷ್ಟವೆಲ್ಲ ಯಾರಿಗಾಗಿ? ಮುಂದಿನ ಸಾಲಿನ ಜಮಖಾನದ ಮೇಲೆ ಕುಳಿತ ಧನಿಕರಿಗಾಗಿ ಅಲ್ಲ. ಅವರಿಗೆ ನಾಲ್ಕು ತಂತಿಯೇ ಚೆನ್ನಾಗಿ ಕೇಳುತ್ತಿತ್ತು. ರಾಜಮಹಾರಾಜರಿಗಾಗಿಯೂ ಅಲ್ಲ, ಅರಮನೆಯ ತೊಟ್ಟಿಯಲ್ಲಿ ಪಿಸುಮಾತೂ ಕೇಳುತ್ತದೆ. ಕೇಳಿಸದೆ ಇದ್ದದ್ದು ಕೊನೆಯ ಸಾಲಿನವನಿಗೆ, ಚಪ್ಪರದ ಕಂಬಕ್ಕೆ ಒರಗಿ ನಿಂತವನಿಗೆ, ರಾಮೋತ್ಸವದ ಕಛೇರಿಯನ್ನು ಬೀದಿಯ ಆಚೆ ಬದಿಯಿಂದ ಕೇಳುವವನಿಗೆ. ನಮ್ಮ ಸಂಗೀತದ ಇತಿಹಾಸದಲ್ಲಿ ರಾಗಕ್ಕಾಗಿ, ತಾಳಕ್ಕಾಗಿ, ಬಿರುದಿಗಾಗಿ ಸಾಹಸ ಮಾಡಿದವರು ಬಹುಮಂದಿ. ಕೊನೆಯ ಸಾಲಿನವನಿಗೆ ಕೇಳಿಸಲಿ ಎಂದು ತನ್ನ ವಾದ್ಯವನ್ನೇ ಬಿಚ್ಚಿ ಕಟ್ಟಿದವರು ಎಷ್ಟು ಮಂದಿ? ಒಕ್ಕಲು ಮನೆಯ ಹುಡುಗನಿಗೆ ಕೊನೆಯ ಸಾಲಿನ ನೆನಪು ಬರುವುದು ಸಹಜ ಎಂದು ನನಗೆ ತೋರುತ್ತದೆ.

ಮೈಕು ಬಂದ ಮೇಲೆ ಏಳು ತಂತಿಯ ಕೆಲಸ ಮುಗಿಯಿತು ಎನ್ನುವವರಿಗೆ ನನ್ನದೊಂದು ಸರಳ ಪ್ರಶ್ನೆ. ಚೌಡಯ್ಯನವರು ತೀರಿಕೊಂಡದ್ದು 1967ರ ಜನವರಿ 19ರಂದು. ಅಷ್ಟು ಹೊತ್ತಿಗೆ ಮದರಾಸು, ಮೈಸೂರು, ಬೆಂಗಳೂರುಗಳ ಸಭೆಗಳಲ್ಲಿ ಮೈಕು ಬಂದು ಎಷ್ಟೋ ವರ್ಷಗಳಾಗಿದ್ದುವು. ಆಕಾಶವಾಣಿಯ ಕೋಣೆಯಲ್ಲಂತೂ ಕೊನೆಯ ಸಾಲು ಎಂಬುದೇ ಇಲ್ಲ, ಎದುರಿಗಿರುವುದು ಮೈಕೊಂದೇ. ಆದರೂ ಅವರು ಏಳು ತಂತಿಯ ಪಿಟೀಲನ್ನು ಕೈಬಿಡಲಿಲ್ಲವಲ್ಲ, ಏಕೆ? ಅದು ಬರಿಯ ಸದ್ದಿನ ಉಪಾಯವಾಗಿದ್ದರೆ, ಮೈಕು ಬಂದ ಮಾರನೆಯ ದಿನವೇ ಆ ಮೂರು ತಂತಿಗಳನ್ನು ಬಿಚ್ಚಿಟ್ಟು ಹಾಯಾಗಿ ನಾಲ್ಕರ ಮೇಲೆ ನುಡಿಸಬಹುದಿತ್ತು. ಹಾಗೆ ಮಾಡಲಿಲ್ಲವೆಂದರೆ ಆ ವಾದ್ಯದಲ್ಲಿ ಅವರಿಗೆ ಸದ್ದಿಗಿಂತ ಹೆಚ್ಚಿನದೇನೋ ಕೇಳಿಸಿತ್ತು ಎಂದೇ ಅರ್ಥ.

ಏನದು? ಸಂಗೀತಶಾಸ್ತ್ರ ಓದದ ಒಬ್ಬರ ಮಾತನ್ನು ಇಲ್ಲಿ ಹೇಳುತ್ತೇನೆ. ನಮ್ಮ ಬೀದಿಯ ಹಿರಿಯರು; ವ್ಯವಸಾಯ ಮಾಡಿ ಬಾಳಿದವರು. ಹುಡುಗರಾಗಿದ್ದಾಗ ರೇಡಿಯೋದಲ್ಲಿ ಚೌಡಯ್ಯನವರನ್ನು ಕೇಳಿದ್ದರಂತೆ. ಹೇಗಿತ್ತು ಎಂದು ಕೇಳಿದೆ. "ಇಬ್ರು ಕೂತ್ಕಂಡು ನುಡುಸ್ತಾವ್ರೆ ಅನ್ಕಂಡಿದ್ದೆ ಕನಪ್ಪ. ಒಬ್ರೇ ಅಂತ ಗೊತ್ತೇ ಆಗ್ನಿಲ್ಲ" ಎಂದರು. ಎರಡು ಸ್ಥಾಯಿಗಳಲ್ಲಿ ಒಂದೇ ಸ್ವರ ನಡೆಯುವುದನ್ನು ಇದಕ್ಕಿಂತ ಚೆನ್ನಾಗಿ ಯಾವ ವಿಮರ್ಶಕ ಹೇಳಿಯಾನು? ಗಂಡಸಿನ ದನಿಯ ಜೊತೆಗೆ ಹೆಂಗಸಿನ ದನಿ, ಅಪ್ಪನ ದನಿಯ ಜೊತೆಗೆ ಮಗುವಿನ ದನಿ ಸೇರಿ ಹಾಡುವಾಗ ಆಗುವಂಥ ತುಂಬಿದ ನಾದ ಅದು. ನಮ್ಮ ಸೀಮೆಯಲ್ಲಿ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ಮೇಳವನ್ನು ರಾತ್ರಿ ಕೂತು ಕೇಳಿ. ಮುಂದಾಳು ತಂಬೂರಿ ಹಿಡಿದು ಸೊಲ್ಲು ಎತ್ತುತ್ತಾನೆ, ಹಿಮ್ಮೇಳದವರು ಅದನ್ನು ಹಿಡಿದು ತುಂಬಿಸುತ್ತಾರೆ. ಮಾದಪ್ಪನ ಕಥೆ ಹಾಡುವ ಕಂಸಾಳೆಯವರದೂ ಅದೇ ರೀತಿ. ಒಂಟಿ ದನಿಯನ್ನು ಒಂಟಿಯಾಗಿ ಬಿಡುವುದು ಈ ನೆಲದ ಹಾಡಿನ ಸ್ವಭಾವವಲ್ಲ. ಚೌಡಯ್ಯನವರು ನೀಲಗಾರರಿಂದ ತಂತಿ ಕಲಿತರೆಂದು ನಾನು ಹೇಳುತ್ತಿಲ್ಲ. ಅಂಥ ಸುಲಭದ ಸಂಬಂಧ ಕಟ್ಟುವುದು ನನಗೆ ಬೇಕಾಗಿಲ್ಲ. ಆದರೆ ಇಂಥ ಹಾಡಿನ ನಡುವೆ ಹುಟ್ಟಿದ ಕಿವಿಗೆ ಜೋಡಿ ದನಿಯ ತುಂಬುನಾದ ಹಿತವಾಗಿ ಕೇಳುವುದರಲ್ಲಿ ಆಶ್ಚರ್ಯವೇನು?

ಶುದ್ಧವಾದಿಗಳ ಆಕ್ಷೇಪಣೆ ನನಗೆ ಗೊತ್ತಿಲ್ಲದ್ದಲ್ಲ. ಏಳು ತಂತಿಯಲ್ಲಿ ನಾದ ಒರಟಾಗುತ್ತದೆ, ಸೂಕ್ಷ್ಮ ಮಸುಕಾಗುತ್ತದೆ, ಪಿಟೀಲು ತನ್ನ ತೆಳುವಾದ ಮಾಧುರ್ಯವನ್ನು ಕಳೆದುಕೊಳ್ಳುತ್ತದೆ ಎನ್ನುತ್ತಾರೆ. ಕೆಲವರ ಕೈಯಲ್ಲಿ ಹಾಗೆ ಆಗಬಹುದು. ಆದರೆ ಚೆಂಬೈ ವೈದ್ಯನಾಥ ಭಾಗವತರಂಥ ಕಂಚಿನ ಕಂಠದ ಗಾಯಕರು ವರ್ಷಾನುಗಟ್ಟಲೆ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡದ್ದು ಈ ಏಳು ತಂತಿಯನ್ನೇ. ಚೆಂಬೈ ಹಾಡು, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರವರ ಮೃದಂಗ ಎಂದರೆ ದಕ್ಷಿಣದೇಶವೆಲ್ಲ ಕಿವಿಗೊಟ್ಟ ಕಾಲವೊಂದಿತ್ತು. ಮದರಾಸಿನ ಮ್ಯೂಸಿಕ್ ಅಕಾಡೆಮಿ 1957ರಲ್ಲಿ ಚೌಡಯ್ಯನವರನ್ನು ಸಂಗೀತ ಕಲಾನಿಧಿಯನ್ನಾಗಿ ಮಾಡಿತು. ಪಕ್ಕದಲ್ಲಿ ಕುಳಿತು ಬಾಳಿನ ಬಹುಭಾಗ ಕಳೆದ ವಾದ್ಯಗಾರನಿಗೆ ಬಂದ ಗೌರವ ಅದು. ಅವರ ವಾದ್ಯ ಸಂಗೀತದ ಸೂಕ್ಷ್ಮಕ್ಕೆ ಒಗ್ಗದ್ದಾಗಿದ್ದರೆ ಮದರಾಸಿನ ಪಂಡಿತರು ಅಷ್ಟು ಉದಾರಿಗಳಾಗುತ್ತಿದ್ದರೆ?

ಶುದ್ಧಿಯ ಮಾತೇ ಆಡುವುದಾದರೆ ಇನ್ನೂ ಸ್ವಲ್ಪ ಹಿಂದಕ್ಕೆ ಹೋಗೋಣ. ಪಿಟೀಲು ಎಂಬ ವಾದ್ಯವೇ ಕಡಲಾಚೆಯದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಐರೋಪ್ಯರ ಬ್ಯಾಂಡಿನವರಿಂದ ಅದನ್ನು ಕಲಿತರು. ತಂಜಾವೂರಿನ ವಡಿವೇಲು ಅವರಿಗೆ 1834ರಲ್ಲಿ ಸ್ವಾತಿ ತಿರುನಾಳ್ ಮಹಾರಾಜರು ದಂತದ ಪಿಟೀಲನ್ನು ಬಹುಮಾನವಾಗಿ ಕೊಟ್ಟರು. ನಮ್ಮವರು ಅದನ್ನು ಗದ್ದದ ಕೆಳಗಿನಿಂದ ಇಳಿಸಿ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು, ಪಾದದ ಮೇಲೆ ಊರಿ, ಶ್ರುತಿಯನ್ನೂ ಬದಲಾಯಿಸಿಕೊಂಡರು. ಇಷ್ಟೆಲ್ಲ ಬದಲಾವಣೆಯಾದಾಗ ಕೆಡದ ಶುದ್ಧಿ ತಿರುಮಕೂಡಲಿನ ಗೌಡರ ಮಗ ಮೂರು ತಂತಿ ಸೇರಿಸಿದ ಕೂಡಲೆ ಕೆಟ್ಟುಹೋಯಿತೆ?

ಪಿಟೀಲು ಎಂಬ ನಮ್ಮ ಮಾತು ಫಿಡಲ್ ಎಂಬುದರ ಮಗು. ಆ ಹೆಸರಿನಿಂದಲೇ ಅದನ್ನು ಕರೆಯುವ ಇನ್ನೊಂದು ಜನ ಐರ್ಲೆಂಡಿನವರು. ಅಲ್ಲಿಯೂ ಅದು ಹೊರಗಿನಿಂದ ಬಂದ ವಾದ್ಯವೇ. ಆದರೆ ಅಲ್ಲಿ ಅದು ರೈತನ ಅಡಿಗೆಮನೆಯಲ್ಲಿ, ಒಲೆಯ ಪಕ್ಕದಲ್ಲಿ, ಹಾಡು ಕುಣಿತಗಳ ನಡುವೆ ಬೆಳೆಯಿತು. ನಮ್ಮ ಚೌಡಯ್ಯನವರ ಓರಗೆಯವನೆನ್ನಬಹುದಾದ ಮೈಕೆಲ್ ಕೋಲ್‌ಮನ್ ಎಂಬ ಪಿಟೀಲುಗಾರ ಅಲ್ಲಿಯ ಸ್ಲೈಗೋ ಸೀಮೆಯ ಗರ್ಟೀನ್ ಎಂಬ ಊರ ಹತ್ತಿರ 1891ರಲ್ಲಿ ಹುಟ್ಟಿದ. ಹೊಟ್ಟೆಪಾಡಿಗಾಗಿ 1914ರಲ್ಲಿ ಅಮೆರಿಕಕ್ಕೆ ಹೋದ. ನ್ಯೂಯಾರ್ಕಿನಲ್ಲಿ ಅವನು ನುಡಿಸಿದ ಗ್ರಾಮಫೋನ್ ತಟ್ಟೆಗಳು ಹಡಗು ಹತ್ತಿ ತವರಿಗೆ ಹಿಂತಿರುಗಿದುವು. ಹಳ್ಳಿಯ ಹುಡುಗರು ಆ ತಟ್ಟೆಗಳಿಂದ ಅವನ ಬಿಲ್ಲಿನ ವರಸೆಯನ್ನು ಕಲಿತರು. ಅವನು ತೀರಿಕೊಂಡದ್ದು 1945ರಲ್ಲಿ, ನ್ಯೂಯಾರ್ಕಿನಲ್ಲೇ. ಇಂದು ಗರ್ಟೀನಿನಲ್ಲಿ ಅವನ ಹೆಸರಿನ ಸಂಗೀತಕೇಂದ್ರವೊಂದಿದೆ. ಅಲ್ಲಿ ಮಕ್ಕಳಿಗೆ ಸಂಗೀತ ಕಲಿಸುತ್ತಾರೆ. ಅವನ ನೆನಪು ಅವನ ಸೀಮೆಯ ಮಕ್ಕಳ ಬೆರಳುಗಳಲ್ಲಿ ಉಳಿದಿದೆ.

ನಮ್ಮಲ್ಲಿ ಅಂಥ ನೆನಪು ಎಲ್ಲಿದೆ? ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿದೆ. ಕೆ. ಕೆ. ಮೂರ್ತಿಯವರು ಪಟ್ಟು ಹಿಡಿದು ಕಟ್ಟಿಸಿದ ಚೌಡಯ್ಯ ಸ್ಮಾರಕ ಭವನ 1980ರಲ್ಲಿ ತೆರೆಯಿತು. ತಂತಿ, ಬಿರಡೆ, ಬಿಲ್ಲುಗಳ ಸಮೇತ ಒಬ್ಬ ವಾದ್ಯಗಾರನ ವಾದ್ಯವನ್ನೇ ಕಟ್ಟಡ ಮಾಡಿದ ಆ ಸಾಹಸಕ್ಕೆ ನಾನು ಕೈಮುಗಿಯುತ್ತೇನೆ. ಆ ಕಟ್ಟಡದ ಮೇಲೆ ನನ್ನ ಜಗಳವಿಲ್ಲ. ಅದೇ ಸಾಕೆಂದು ಕೈಕಟ್ಟಿ ಕುಳಿತ ನಮ್ಮ ಮೇಲೆ ಜಗಳ. ಕಾಂಕ್ರೀಟಿನ ಪಿಟೀಲಿನ ಹೊಟ್ಟೆಯೊಳಗೆ ನಾಟಕ ನಡೆಯುತ್ತದೆ, ಭಾಷಣ ನಡೆಯುತ್ತದೆ, ಕಾಲೇಜಿನ ಸಮಾರಂಭ ನಡೆಯುತ್ತದೆ, ಸಂಗೀತವೂ ನಡೆಯುತ್ತದೆ. ಏಳು ತಂತಿಯ ಪಿಟೀಲು ಮಾತ್ರ ಅಲ್ಲಿಯೂ ಬೇರೆಲ್ಲಿಯೂ ಕಿವಿಗೆ ಬೀಳುವುದು ಅಪರೂಪ. ಚೌಡಯ್ಯನವರ ಹೆಸರಿನ ಪ್ರಶಸ್ತಿಯಿದೆ. ಅವರು 'ತ್ರಿಮಕುಟ' ಎಂಬ ಅಂಕಿತದಲ್ಲಿ ರಚಿಸಿದ ಕೃತಿಗಳನ್ನು ಹಾಡಿದವರನ್ನು ಹುಡುಕಬೇಕು. ಮುಖ್ಯ ಕಛೇರಿಯಲ್ಲಿ ತ್ಯಾಗರಾಜರ ಪಕ್ಕದಲ್ಲಿ ಒಂದು ತ್ರಿಮಕುಟದ ಕೃತಿಯನ್ನಿಟ್ಟರೆ ತ್ಯಾಗರಾಜರು ಬೇಡವೆನ್ನುತ್ತಾರೆಯೆ?

ನಮ್ಮೂರಿನಿಂದ ನರಸೀಪುರಕ್ಕೆ ಹೋಗುವ ದಾರಿಯ ಕಡೆ ಸೋಮನಾಥಪುರವಿದೆ. 1268ರಲ್ಲಿ ಸೋಮನಾಥ ದಂಡನಾಯಕನು ಕಟ್ಟಿಸಿದ ಕೇಶವ ದೇವಾಲಯ. ಮಲ್ಲಿತಮ್ಮನೆಂಬ ಶಿಲ್ಪಿ ತನ್ನ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾನೆ. ಪ್ರವಾಸಿಗಳು ಮೋಟಾರಿನಲ್ಲಿ ಬಂದು ಇಳಿಯುತ್ತಾರೆ, ಟಿಕೆಟ್ಟು ಕೊಳ್ಳುತ್ತಾರೆ, ಫೋಟೋ ಹಿಡಿಯುತ್ತಾರೆ, ಹೊರಡುತ್ತಾರೆ. ಪೂಜೆ ನಿಂತ ಗುಡಿಗೆ ಆಗಬಹುದಾದ ಮರ್ಯಾದೆ ಅಷ್ಟೇ. ಕಲ್ಲಿನ ಗುಡಿಗೆ ಅಷ್ಟಾದರೂ ಸಾಕು. ಕಲ್ಲು ಪೂಜೆಯಿಲ್ಲದೆಯೂ ನಿಲ್ಲುತ್ತದೆ. ನಾದಕ್ಕೆ ಆ ಸೌಲಭ್ಯವಿಲ್ಲ. ಒಂದು ತಲೆಮಾರು ನುಡಿಸದಿದ್ದರೆ ಅದು ಇಲ್ಲವಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಾವು ನಾಲ್ಕಾರು ಮಂದಿ ಸೇರಿ, ಚೌಡಯ್ಯನವರ ನೆನಪಿಗೆ ಬನ್ನೂರಿನಲ್ಲಿ ಒಂದು ಪಿಟೀಲು ಕಛೇರಿ ನಡೆಸಬೇಕೆಂದು ನಗರದ ಸಭೆಯೊಂದರ ಬಾಗಿಲು ತಟ್ಟಿದೆವು. ಹೆಸರು ಬೇಡ, ಆ ಸಭೆಯಷ್ಟೇ ಹಾಗೆಂದು ನಾನು ತಿಳಿದಿಲ್ಲ. ಕಾರ್ಯದರ್ಶಿಗಳು ಸಜ್ಜನರು, ಕುರ್ಚಿ ಕೊಟ್ಟು ಕೂರಿಸಿದರು. "ಸ್ವಾಮಿ, ಬನ್ನೂರಿನಲ್ಲಿ ಕೇಳೋವರು ಯಾರು? ನಿಮ್ಮಲ್ಲಿ ಕುರಿ ಚೆನ್ನಾಗಿರುತ್ತೆ ಅಂತ ಕೇಳಿದ್ದೇನೆ" ಎಂದು ನಕ್ಕರು. ನಾವೂ ನಕ್ಕೆವು, ಬನ್ನೂರು ಕುರಿಯ ಕೀರ್ತಿಯ ಮುಂದೆ ನಮ್ಮದೇನು? ಆದರೆ ವಾಚಕರು ಆ ಪ್ರಶ್ನೆಯನ್ನು ಕೊಂಚ ಯೋಚಿಸಬೇಕು. ಕೇಳೋವರು ಯಾರು ಎಂದು ಚೌಡಯ್ಯನವರೂ ಕೇಳಿಕೊಂಡಿದ್ದರು. ಕೊನೆಯ ಸಾಲಿನವನೂ ಕೇಳುವವನೇ, ಅವನಿಗೆ ಕೇಳಿಸದಿದ್ದರೆ ಕೊರತೆ ನನ್ನ ವಾದ್ಯದ್ದು ಎಂಬುದು ಅವರು ಕಂಡುಕೊಂಡ ಉತ್ತರ. ಅವನಿಗೆ ಕೇಳಿಸದಿದ್ದರೆ ಕೊರತೆ ಅವನದೇ ಎಂಬುದು ನಮ್ಮ ಸಭೆಗಳ ಉತ್ತರ. ಈ ಎರಡು ಉತ್ತರಗಳ ನಡುವಿನ ದೂರ ಮೈಸೂರಿಗೂ ಬನ್ನೂರಿಗೂ ಇರುವ 25 ಕಿಲೋಮೀಟರಿಗಿಂತ ಬಹಳ ಹೆಚ್ಚು.

ಹಳ್ಳಿಯವರಿಗೆ ಅವರದೇ ಸಂಗೀತವಿದೆಯಲ್ಲ, ಕಂಸಾಳೆಯಿದೆ, ಭಜನೆಯಿದೆ, ಕರ್ಣಾಟಕ ಸಂಗೀತವನ್ನು ಅವರ ತಲೆಗೆ ಏಕೆ ಕಟ್ಟುತ್ತೀರಿ ಎಂದು ಕೇಳುವವರೂ ಉಂಟು. ಕೇಳಲು ಉದಾರವಾದ ಮಾತು. ಅದರೊಳಗಿರುವುದು ಮಾತ್ರ ಹಳೆಯ ಬೇಲಿಯೇ: ಅವರದು ಅವರಿಗೆ, ನಮ್ಮದು ನಮಗೆ. ಆ ಬೇಲಿ ನಿಜವಾಗಿದ್ದರೆ ತಿರುಮಕೂಡಲಿನ ಹುಡುಗ ಅದನ್ನು ದಾಟುತ್ತಲೇ ಇರಲಿಲ್ಲ, ಕರ್ಣಾಟಕ ಸಂಗೀತಕ್ಕೆ ಚೌಡಯ್ಯನೇ ಇರುತ್ತಿರಲಿಲ್ಲ. ನೀಲಗಾರರನ್ನು ಪಟ್ಟಣದ ವೇದಿಕೆಗೆ ಹತ್ತು ನಿಮಿಷದ ತಮಾಷೆಗೆ ಕರೆಸುವ ನಾವು, ಪಟ್ಟಣದ ಪಿಟೀಲನ್ನು ನೀಲಗಾರರ ಊರಿಗೆ ಮೂರು ಗಂಟೆಯ ಕಛೇರಿಗೆ ಏಕೆ ಕಳಿಸುವುದಿಲ್ಲ?

ಬೈಯುವುದು ಸುಲಭ, ಏನು ಮಾಡಬೇಕೆಂದು ಹೇಳಿ ಎನ್ನುತ್ತೀರಿ. ಹೇಳುತ್ತೇನೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾನಿಲಯವಿದೆ. ಅಲ್ಲಿ ವರ್ಷಕ್ಕೆ ಇಬ್ಬರು ವಿದ್ಯಾರ್ಥಿಗಳಿಗಾದರೂ ಏಳು ತಂತಿಯ ಪಿಟೀಲನ್ನು ಮಾಡಿಸಿಕೊಟ್ಟು ಕಲಿಸಲಿ. ಸೋತರೂ ಚಿಂತೆಯಿಲ್ಲ, ಕಷ್ಟ ಎಲ್ಲಿದೆಯೆಂದಾದರೂ ತಿಳಿಯುತ್ತದೆ. ತ್ರಿಮಕುಟದ ಕೃತಿಗಳಲ್ಲಿ ನಾಲ್ಕನ್ನು ಪರೀಕ್ಷೆಯ ಪಾಠಕ್ಕೆ ಸೇರಿಸಲಿ. ಆಕಾಶವಾಣಿಯವರು ತಮ್ಮಲ್ಲಿರುವ ಚೌಡಯ್ಯನವರ ಧ್ವನಿಮುದ್ರಣಗಳನ್ನು ಎಲ್ಲರಿಗೂ ಪುಕ್ಕಟೆಯಾಗಿ ಕೇಳಿಸಲಿ. ಇನ್ನು ಸಭೆಗಳು: ಹನ್ನೆರಡು ಕಛೇರಿ ನಡೆಸುವ ಸಭೆ ಅದರಲ್ಲೊಂದನ್ನು ತಾಲ್ಲೂಕಿನ ಊರಿಗೆ ಕೊಡಲಿ, ನಂಜನಗೂಡಿಗೆ, ನರಸೀಪುರಕ್ಕೆ, ಬನ್ನೂರಿಗೆ. ಟಿಕೆಟ್ಟಿಲ್ಲದೆ, ಬಯಲಿನಲ್ಲಿ, ರಾತ್ರಿ ಊಟವಾದ ಮೇಲೆ. ತಿರುಮಕೂಡಲಿನ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆದುಬಂದಿದೆ. ದೊಡ್ಡ ಜನ ಸೇರುತ್ತದೆ, ಧ್ವನಿವರ್ಧಕಗಳು ಕೂಗುತ್ತವೆ. ಆ ನೀರಿನ ದಡದಲ್ಲಿ ಹುಟ್ಟಿದವನ ಪಿಟೀಲಿಗೆ ಅಲ್ಲಿ ಒಂದು ಸಂಜೆ ಮೀಸಲಾಗಿದ್ದರೆ ಯಾವ ದೇವರಿಗೆ ಕೋಪ?

ಇವುಗಳಲ್ಲಿ ಯಾವುದಕ್ಕೂ ಕೋಟಿ ರೂಪಾಯಿ ಬೇಡ. ಬೇಕಾದದ್ದು ಕೊನೆಯ ಸಾಲಿನಲ್ಲಿ ಯಾರೋ ಕುಳಿತಿದ್ದಾರೆಂಬ ನಂಬಿಕೆ. ಆಡುಮಾತಿನಲ್ಲಿ ಬೇಸರದ ಮಾತಿಗೆ 'ಪಿಟೀಲು ಕುಯ್ಯುವುದು' ಎನ್ನುತ್ತೇವೆ. ಇಷ್ಟು ಹೊತ್ತು ನಾನು ಕುಯ್ದದ್ದೂ ಅದೇ ಎಂದು ಕೆಲವರಿಗೆ ಅನ್ನಿಸಿರಬಹುದು. ಅನ್ನಿಸಲಿ. ಮುಂದಿನ ಸಾಲಿನವರಿಗೆ ಬೇಸರವಾದರೂ ಹಿಂದಿನವರಿಗೆ ಕೇಳಿಸಿದ್ದರೆ ನನ್ನ ಕೆಲಸ ಆಯಿತು.